ಅರ್ಧ ಕೆಜಿ ಹುಲ್ಲಿನ ರಗಳೆ

ದನದ ಮೇವಲ್ಲಿ ಸತ್ವ ಎಷ್ಟಿದೆ ಅಂತ ಲ್ಯಾಬಲ್ಲಿ ನೋಡಿಸೋಕೆ ಹಳ್ಳಿಗಳಿಂದ ಸ್ಯಾಂಪಲ್ ತರೋದು ನನ್ನ ಕೆಲಸ. ಹಸಿಹುಲ್ಲನ್ನ ಪ್ಲಾಸ್ಟಿಕ್ ಕವರಿಗೆ ತುರುಕಿ ಗಂಟು ಹಾಕಬೇಡಿ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತೇ ಹೊರತು ಯಾರ ಹುಲ್ಲೂ ಒಣಗಲಿಲ್ಲ. ಇವತ್ತು ಬೆಳಿಗ್ಗೆ ಡೇರಿ ಕಟ್ಟೆ ಮೇಲೆ ಯಾರೋ ನನಗಾಗಿ ಇಟ್ಟುಹೋದ ಕವರ್ ಬಿಚ್ಚಿದೆ. ಒಳಗೆಲ್ಲ ಬಿಳೀ ಬೂಷ್ಟು, ಅದರ ಮೇಲೆ ಆರಾಮಾಗಿ ಓಡಾಡುವ ಒಂದು ಹುಳು. ಇದನ್ನ ಲ್ಯಾಬಿಗೆ ಕಳಿಸಿ ಪ್ರೋಟೀನ್ ಎಷ್ಟಿದೆ ಅಂದರೆ, ಹುಲ್ಲಿನದ್ದೋ ಹುಳದ್ದೋ ಅಂತ ಅವರು ಕೇಳದೆ ಇರುತ್ತಾರಾ?

ಸರಿ, ಪೇಪರ್ ಕವರಲ್ಲಿ ಕೊಡಿ ಅಂದರೆ ಹಳ್ಳಿಮನೆಯಲ್ಲಿ ಸಿಗುವ ಪೇಪರ್ ಕವರ್ ಒಂದೇ, ಲಗ್ನಪತ್ರಿಕೆಯದ್ದು. ಅದರಲ್ಲಿ ಹಿಂಡಿ ತುಂಬಿ ಕೊಡುತ್ತಾರೆ. ಮೇಲೆ ಹೆಸರು ಬರೆಯಿರಿ ಅಂದರೆ, 'ಅಚ್ಚಾಗೈತಲ್ಲ, ಇನ್ನೇನ್ ಬರಿಯಾದು?' ಒಂದು ರಿಪೋರ್ಟಂತೂ ವಧೂವರರ ಹೆಸರಲ್ಲೇ ಬಂತು.

ಇವರನ್ನೆಲ್ಲ ತಡೆದುಕೊಳ್ಳಬಹುದು. ಪಕ್ಕದೂರಿನ ಗೌಡ್ರ ಮುಂದೆ ಮಾತ್ರ ನನ್ನ ಆಟ ನಡೆಯಲ್ಲ.

ದನ ದಿನಾ ಏನು ತಿನ್ನುತ್ತೋ ಅದೇ ಸ್ಯಾಂಪಲ್ಲಿಗೂ ಬೇಕು. ಬಲಿತ ಕಡ್ಡಿ, ಒಣಗಿದ ಗರಿ ಎಲ್ಲ ಸೇರಿ. ಗೌಡ್ರಿಗೆ ಇದು ಮರ್ಯಾದೆ ಪ್ರಶ್ನೆ. ಇನ್‌ಸ್ಪೆಕ್ಟರ್ ಬರುವ ದಿನ ಮೇಷ್ಟ್ರು ಜಾಣ ಹುಡುಗರನ್ನೆಲ್ಲ ಮುಂದಿನ ಬೆಂಚಿಗೆ ತಂದು ಕೂರಿಸುತ್ತಿದ್ದರಲ್ಲ, ಹಾಗೆ ಸೀಮೆಹುಲ್ಲಿನ ಎಳೇ ಗರಿಗಳನ್ನೇ ಆರಿಸಿ, ಬೋರಿನ ನೀರಲ್ಲಿ ತೊಳೆದು, ಬಾಳೆನಾರಲ್ಲಿ ಕಟ್ಟಿ ಇಟ್ಟಿರುತ್ತಾರೆ. ಅದೂ ಕೊಟ್ಟಿಗೆಯ ಗಂಜಲ ಹರಿಯುವ ಬದಿಯಲ್ಲಿ ಕಪ್ಪಗೆ ಹಸಿರಾಗಿ ನಿಂತ ಆ ಒಂದೇ ಸಾಲಿನದ್ದು.

'ಗೌಡ್ರೇ, ನಾನೇ ಕೊಯ್ಕೊತೀನಿ' ಅಂತ ಕುಡುಗೋಲು ಇಸಿದುಕೊಂಡೆ. ಹೊಲದ ತುಂಬ ಅಂಕುಡೊಂಕಾಗಿ ನಡೆದು ಅಲ್ಲಲ್ಲಿ ಕೊಯ್ದು, ಮಿಷನ್ನಿಗೆ ಕೊಟ್ಟು ಕತ್ತರಿಸಿ, ಗುಡ್ಡೆ ಹಾಕಿ ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಮಿಕ್ಕ ಎರಡನ್ನ ತಳ್ಳಿಬಿಡಬೇಕು. ಅರ್ಧ ಕೆಜಿಗೆ ಇಳಿಯುವ ತನಕ ಇದೇ ಕಥೆ. ನಾನು ತಳ್ಳಿದಾಗೆಲ್ಲ ಗೌಡ್ರ ಜೀವ ಚುರುಕ್ ಅನ್ನುತ್ತಿತ್ತು. ಚೀಟಿ ಬರೆಯೋಕೆ ಆ ಕಡೆ ತಿರುಗಿದ್ದೇ ತಡ, ತಳ್ಳಿದ ಗುಡ್ಡೆಯಿಂದ ಹಸಿರು ಗರಿ ಹೆಕ್ಕಿ ಇಟ್ಟುಕೊಂಡ ಗುಡ್ಡೆಗೆ ಹಾಕುತ್ತಿದ್ದಾರೆ! ಇಟ್ಟುಕೊಂಡದ್ದರೊಳಗಿನ ಬಲಿತ ಕಡ್ಡಿ ಒಂದೊಂದೇ ಪಕ್ಕದಲ್ಲಿದ್ದ ಹಸುವಿನ ಬಾಯಿಗೆ ಹೋಗುತ್ತಿದೆ. ನೋಡಿಬಿಟ್ಟೆ.

'ಬಿದ್ದೋಗಿತ್ತು ಸಾ, ಎತ್ತಾಕ್ದೆ' ಅಂದರು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಮತ್ತೆ ಮೊದಲಿಂದ ಶುರು ಮಾಡುವ ಹೊತ್ತಿಗೆ ಬಸ್ಸು ಹೋಗಿರುತ್ತೆ ಅಂತ ಅದನ್ನೇ ಕಟ್ಟಿಕೊಂಡು ಹೊರಟೆ. ರಿಪೋರ್ಟಲ್ಲಿ ಪ್ರೋಟೀನ್ ಭರ್ಜರಿಯಾಗಿ ಬಂತು. ಗೌಡ್ರು ಅದನ್ನ ಡೇರಿಯಲ್ಲೆಲ್ಲ ತೋರಿಸಿಕೊಂಡು ಬಂದು, ಹಿಂಡಿ ಅರ್ಧಕ್ಕೆ ಇಳಿಸಿದರು. ಗೋದಲಿಯ ಹಸು ರಿಪೋರ್ಟ್ ಓದಿರಲಿಲ್ಲ. ಅದಕ್ಕೆ ಸಿಗುತ್ತಿದ್ದದ್ದು ಆಳೆತ್ತರ ಬೆಳೆದು ಬಲಿತ ಕಡ್ಡಿ. ಹಾಲು ಇಳಿಯಿತು. ತಪ್ಪು ಯಾರದ್ದು? 'ನಿಮ್ ಲ್ಯಾಬೇ ಸರಿ ಇಲ್ಲ ಬುಡಿ ಸಾ.'

ಸಾಲದ್ದಕ್ಕೆ ಆ ರಿಪೋರ್ಟಲ್ಲಿ ಒಣ ಅಂಶ ಶೇ. 20 ಅಂತಿತ್ತು. ಸೀಮೆಹುಲ್ಲಲ್ಲಿ ಹೆಚ್ಚುಕಮ್ಮಿ ಐದರಲ್ಲಿ ನಾಲ್ಕು ಪಾಲು ನೀರೇ, ಲ್ಯಾಬಿನ ಒಲೆಯಲ್ಲಿ ಒಣಗಿಸಿದರೆ ಅರ್ಧ ಕೆಜಿಗೆ 100 ಗ್ರಾಂ ಉಳಿಯುತ್ತೆ ಅಂತ ವಿವರಿಸಿದೆ. ಗೌಡ್ರು ನನ್ನನ್ನೇ ಮೇಲಿಂದ ಕೆಳಗೆ ನೋಡಿ, 'ಮಿಕ್ಕಿದ್ದ ಯಾರ್ ತಿಂದ್ರು?' ಅಂದರು.

ಸೈಲೇಜಿನ, ಅಂದರೆ ಗಾಳಿಯಾಡದ ಹಾಗೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿಮೇವಿನ ಸಮಾಚಾರ ಬೇರೆ. ಜಿಪ್ ಕವರಲ್ಲಿ ಗಾಳಿ ಹಿಂಡಿ ತೆಗೆದು, ಐಸ್ ಡಬ್ಬಿಯಲ್ಲಿಟ್ಟರೂ ಆ ಹುಳಿವಾಸನೆ ಬಸ್ ತುಂಬ ಹರಡುತ್ತೆ. ಕಂಡಕ್ಟರ್ ಟಿಕೆಟ್ ಕೊಡುವ ಮುಂಚೆ ನನ್ನ ಬಾಯಿ ಹತ್ತಿರ ಮೂಗು ತರುತ್ತಾನೆ.

ಒಳ್ಳೇದನ್ನೇ ಆರಿಸಿ ಕೊಡೋಕೂ ಆರಿಸುವಷ್ಟು ಇರಬೇಕಲ್ಲ. 2023ರ ಬರದಲ್ಲಿ ಒಂದು ಮನೆಗೆ ರಾಗಿಹುಲ್ಲಿನ ಸ್ಯಾಂಪಲ್ಲಿಗೆ ಹೋಗಿದ್ದೆ. ಹಿತ್ತಲಲ್ಲಿ ಮೆದೆ ಇರಲಿಲ್ಲ, ಮೆದೆ ಹಾಕಿದ್ದ ಕಲ್ಲುಗಳಿದ್ದವು. ಅಜ್ಜಿ ಒಳಗಿಂದ ಒಂದು ತೆಕ್ಕೆ ತಂದವರು, ಹಸುವಿನ ಕಡೆ ಒಂದು ಸಲ ನೋಡಿ, ಅರ್ಧ ವಾಪಸ್ ತೆಗೆದುಕೊಂಡರು. 'ಇಷ್ಟ್ರಲ್ಲಿ ಆಯ್ತದಾ ಮಗ?' ಆಯ್ತದೆ ಅಜ್ಜಿ ಅಂದೆ. ಅದರಲ್ಲೂ ಒಂದು ಹಿಡಿ ಗೋದಲಿಗೆ ಹಾಕಿ ಬಂದೆ.

ವಾರ ಕಳೆದು ಲ್ಯಾಬಿಂದ ಫೋನ್ ಬಂತು. ಸ್ಯಾಂಪಲ್ ಸಾಲದು, ಇನ್ನೊಂದು ಸಲ ತಂದುಕೊಡಿ.

'ತರ್ತೀನಿ, ಮೊದ್ಲು ಮಳೆ ಕಳ್ಸಿ' ಅಂತ ಇಟ್ಟುಬಿಟ್ಟೆ.