ಬಂಡೆ ಸುರಿದರೆ ಕಡಲು ನಿಲ್ಲುತ್ತಾ?

ಬೆಳಿಗ್ಗೆ ಜಯನಗರದ ದರ್ಶಿನಿಯೊಂದರಲ್ಲಿ ಕಾಫಿ ಕುಡಿಯುತ್ತಿದ್ದೆ. ಟಿವಿಯಲ್ಲಿ ನಮ್ಮೂರ ಕಡೆಯ ಕಡಲ್ಕೊರೆತದ ಸುದ್ದಿ. ತೆಂಗಿನ ಮರವೊಂದು ಬುಡಸಮೇತ ನೀರಿಗೆ ಬಿತ್ತು. ಪಕ್ಕದಲ್ಲಿ ನಿಂತಿದ್ದವರು ಇಡ್ಲಿ ಮುರಿಯುತ್ತಾ, "ನಾಲ್ಕು ಲೋಡ್ ಬಂಡೆ ಸುರಿದರೆ ಮುಗೀತಪ್ಪ, ಪ್ರತಿ ವರ್ಷ ಇದೇ ಗೋಳು" ಅಂದರು. ಪ್ರತಿ ವರ್ಷ ಬಂಡೆ ಸುರಿಯುತ್ತಲೇ ಇದ್ದಾರಲ್ಲ ಸ್ವಾಮಿ! ಗುರುತಿಲ್ಲದವರ ಜೊತೆ ಯಾಕೆ ಜಗಳ ಅಂತ ಸುಮ್ನೆ ಬಂದೆ. ಈಗ ನಿಮ್ಮ ತಲೆ ತಿನ್ನುತ್ತೇನೆ.

ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ ನೀರಿನಡಿ ದಿಣ್ಣೆ ಮಾಡುತ್ತವೆ. ಹಿಂದಿನಿಂದ ಬರುವ ಅಲೆಗಳು ಆ ದಿಣ್ಣೆಯ ಮೇಲೆಯೇ ಒಡೆಯುತ್ತವೆ. ದಡ ಮುಟ್ಟುವಷ್ಟರಲ್ಲಿ ಅವಕ್ಕೆ ಸುಸ್ತು. ನವರಾತ್ರಿ ಕಳೆದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮೆಲ್ಲಗೆ ವಾಪಸ್ ತಂದು ಹಾಕುತ್ತವೆ. ಮೇ ತಿಂಗಳಲ್ಲಿ ನೀವು ಮಂಗಳೂರು ಪಕ್ಕದ ಸೋಮೇಶ್ವರ ಬೀಚಿನಲ್ಲಿ ಸೆಲ್ಫಿ ತೆಗೆದುಕೊಂಡ ಮರಳು ಜುಲೈಯಲ್ಲಿ ಕಾಣದಿದ್ದರೆ ಅದು ಕಡಲಿನ ವರ್ಷದ ಕೆಲಸ, ಅಷ್ಟೆ.

ಇದರ ನಡುವೆ ನಾವು ಬಂಡೆ ಪೇರಿಸುತ್ತೇವೆ. ಅಲೆ ಬಂದು ಬಡಿದು, ವಾಪಸ್ ಹೋಗುವ ರಭಸಕ್ಕೆ ಗೋಡೆಯ ಬುಡದ ಮರಳನ್ನೇ ಕೆರೆಯುತ್ತದೆ. ಬುಡ ಆಳವಾದಷ್ಟೂ ಇನ್ನೂ ದೊಡ್ಡ ಅಲೆ ಹತ್ತಿರ ಬರುತ್ತದೆ. ಬಂಡೆ ಕುಸಿಯುತ್ತದೆ. ಮುಂದಿನ ಮಳೆಗಾಲಕ್ಕೆ ಮತ್ತೆ ಟೆಂಡರ್. ಕ್ವಾರಿ ಯಾರದ್ದು ಅಂತ ಮಾತ್ರ ಕೇಳಬೇಡಿ.

ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಇನ್ನೂ ಜೋರು. ಬೆಂಗಳೂರಿನವರಿಗೆ ಇದು ಅರ್ಥವಾಗಲೇಬೇಕು. ಒಂದು ಲೇಔಟ್‌ನವರು ರಾಜಕಾಲುವೆ ಗೋಡೆ ಎತ್ತರಿಸಿಕೊಂಡರೆ ಪಕ್ಕದ ಲೇಔಟ್‌ನ ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆ, ಅಲ್ವಾ?

ಅಲೆ ದಡಕ್ಕೆ ನೇರವಾಗಿ ಬರುವುದು ಕಡಿಮೆ. ಓರೆಯಾಗಿ ಹತ್ತಿ, ನೇರವಾಗಿ ಇಳಿಯುತ್ತದೆ. ಹಾಗಾಗಿ ಮರಳು ದಡದುದ್ದಕ್ಕೂ ಸಾಗುತ್ತಲೇ ಇರುತ್ತದೆ. ಅಡ್ಡಕ್ಕೆ ಏನಾದರೂ ಕಟ್ಟಿದರೆ ಒಂದು ಕಡೆ ರಾಶಿ, ಇನ್ನೊಂದು ಕಡೆ ಖಾಲಿ. ಚೆನ್ನೈನಲ್ಲಿ 1870ರ ದಶಕದಲ್ಲಿ ಬಂದರಿನ ಕೆಲಸ ಶುರುವಾಯಿತು. ದಕ್ಷಿಣಕ್ಕೆ ಮರಳು ಸೇರಿ ಮರೀನಾ ಬೀಚ್ ಅಗಲವಾಯಿತು. ಉತ್ತರದ ರಾಯಪುರಂ ಕಡೆ ದಡವೇ ಕರಗಿತು. ಮರೀನಾದಲ್ಲಿ ಸುಂಡಲ್ ತಿನ್ನುವಾಗ ರಾಯಪುರಂ ಯಾರಿಗೆ ನೆನಪಾಗುತ್ತದೆ?

"ಮನೆ ಬೀಳ್ತಾ ಇರುವಾಗ ನಿನ್ನ ವಿಜ್ಞಾನ ಯಾರಿಗೆ ಬೇಕು ಮಾರಾಯ" ಅಂತ ಊರಿನ ಚಿಕ್ಕಮ್ಮ ಬೈಯುತ್ತಾರೆ. ಒಪ್ಪಿದೆ. ಅಜ್ಜಿ ಮನೆ ಜಗಲಿಗೆ ನೀರು ಬಂದರೆ ನಾನೇ ಲಾರಿಗೆ ಅಡ್ಡ ನಿಂತು "ಇಲ್ಲೇ ಸುರಿಯಿರಿ" ಅಂತೇನೆ. ಪಕ್ಕದ ಮನೆಯವರ ಗತಿ ಏನು ಅಂತ ಆಗ ಯೋಚಿಸುವುದೂ ಇಲ್ಲ. ನಾನೇನು ಸಂತನಲ್ಲ. ಆದರೆ ಅದು ಆ ರಾತ್ರಿಯ ಮಾತು. ಟೆಂಡರ್ ಕರೆಯುವವರೇ, ಬೇಸಿಗೆಯಿಡೀ ಏನು ಮಾಡುತ್ತಿದ್ದಿರಿ?

ಬೇರೆ ದಾರಿ ಇಲ್ಲವೇ ಇಲ್ಲ ಅಂತಲೂ ಅಲ್ಲ. ಮಂಗಳೂರು ಪಕ್ಕದ ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಯೋಜನೆಯಲ್ಲಿ ದೊಡ್ಡ ದೊಡ್ಡ ಚೀಲಗಳಿಗೆ ಮರಳು ತುಂಬಿ, ಕಡಲೊಳಗೇ ದಿಬ್ಬ ಮಾಡಿ ಅಲೆಯ ಜೋರು ತಗ್ಗಿಸಲು ನೋಡಿದರು. ಪುದುಚೇರಿಯಲ್ಲಿ 2018ರಲ್ಲಿ ನೀರಿನಡಿ ಉಕ್ಕಿನ ದಿಬ್ಬ ಇಳಿಸಿದ ಮೇಲೆ ಕಳೆದುಹೋಗಿದ್ದ ಬೀಚಿಗೆ ಮರಳು ಮರಳಿ ಬಂತು. ಮರಳು ಹಿಡಿದಿಡುವ ಅಡುಂಬು ಬಳ್ಳಿಯಂತೂ ಪುಕ್ಕಟೆ. ಅದನ್ನು ಕಿತ್ತು ಲಾನ್ ಹಾಕುವ ರೆಸಾರ್ಟ್‌ನವರಿಗೆ ಏನು ಹೇಳೋಣ?

ದಡಕ್ಕೆ ಹೊಸ ಮರಳು ತರುವುದು ನದಿಗಳು. ಆ ಮರಳನ್ನು ಅಣೆಕಟ್ಟು ತಡೆಯುತ್ತದೆ, ಉಳಿದದ್ದನ್ನು ನಾವು ಬಾಚುತ್ತೇವೆ. ಒಂದಷ್ಟು ರಾತ್ರೋರಾತ್ರಿ ಲಾರಿ ಹತ್ತಿ, ಘಾಟಿ ದಾಟಿ ಇದೇ ಬೆಂಗಳೂರಿಗೂ ಬಂದಿದೆ. ಯಾವ ಅಪಾರ್ಟ್‌ಮೆಂಟಿನ ಪಿಲ್ಲರ್ ಸೇರಿತೋ! ಇನ್ನು ನದಿ ಕಡಲು ಸೇರುವ ಅಳಿವೆಯಲ್ಲಿ ಹೂಳೆತ್ತಿದ ಒಳ್ಳೆಯ ಮರಳನ್ನಾದರೂ ಕೊರೆಯುತ್ತಿರುವ ದಡಕ್ಕೆ ಹಾಕಿ ಅಂದರೆ "ಖರ್ಚು ಜಾಸ್ತಿ" ಅನ್ನುತ್ತಾರೆ. ವರ್ಷಾ ವರ್ಷಾ ಕಡಲು ನುಂಗುವ ಬಂಡೆ ಏನು ಬಿಟ್ಟಿ ಬರುತ್ತಾ?