ಅದು ಸಿಂಥ್ ಅಲ್ಲ, ಯಿಡಾಕಿ

ನಿನ್ನೆ ರಾತ್ರಿ ಗೆಳೆಯನ ಮನೇಲಿ ಲಂಡನ್ನಿನ ಬ್ಯಾಂಡ್ ಜಮಿರೊಕ್ವಾಯ್ ಹಾಕಿದ್ರು. ಅವರ ಮೊದಲ ಹಾಡು, 1992ರದ್ದು. ಶುರುವಿನಲ್ಲೇ ನೆಲದೊಳಗಿಂದ ಎದ್ದ ಹಾಗೆ ಆ ಗುಂಯ್ ನಾದ. ಪಕ್ಕದಲ್ಲಿದ್ದ ಹುಡುಗ "ಸಿಂಥ್ ಸಖತ್ತಾಗಿದೆ ಅಲ್ವಾ ಸರ್" ಅಂದ. ತಡ್ಕೊಳ್ಳೋಕೆ ಆಗ್ಲಿಲ್ಲ, ಹಾಡು ನಿಲ್ಲಿಸಿಬಿಟ್ಟೆ.

ಸಿಂಥ್, ಅಂದ್ರೆ ಎಲೆಕ್ಟ್ರಾನಿಕ್ ಸಿಂಥಸೈಜರ್, ಅಲ್ಲಪ್ಪ ಅದು. ಡಿಜೆರಿಡೂ, ಊದೋ ಮರದ ಕೊಳವೆ. ಬ್ಯಾಂಡಿನಲ್ಲಿ ಅದನ್ನು ಊದುತ್ತಿದ್ದವರು ವಾಲಿಸ್ ಬುಕ್ಯಾನನ್. ಡಿಜೆರಿಡೂ ಅನ್ನೋದೂ ಹೊರಗಿನವರು ಇಟ್ಟ ಹೆಸರೇ. ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನ ಯೋಲ್ಙು ಅನ್ನೋ ಮೂಲನಿವಾಸಿ ಜನ ಯಿಡಾಕಿ ಅಂತಾರೆ. ಗೆದ್ದಲು ತಿರುಳು ತಿಂದು ಟೊಳ್ಳು ಮಾಡಿದ ನೀಲಗಿರಿ ಜಾತಿಯ ಮರವನ್ನು ತಟ್ಟಿ, ಸದ್ದು ಕೇಳಿ, ಆರಿಸಿ ಕಡಿಯುತ್ತಾರೆ. ಬಾಯಿಡುವ ತುದಿಗೆ ಜೇನುಮೇಣ. ಕೆನ್ನೆಯಲ್ಲಿ ಹಿಡಿದ ಗಾಳಿಯನ್ನು ಕೊಳವೆಗೆ ತಳ್ಳುತ್ತಲೇ ಮೂಗಿನಿಂದ ಉಸಿರು ಎಳ್ಕೋಬೇಕು. ನಮ್ಮ ಪುಂಗಿ ಊದುವವರು ಮಾಡೋದೂ ಇದನ್ನೇ. ಇಷ್ಟು ಉಸಿರು ಸುರಿದ ವಾದ್ಯಕ್ಕೆ ನಾವು ಕೊಟ್ಟ ಹೆಸರು ಸಿಂಥ್!

"ಸಂಗೀತಕ್ಕೆ ಗಡಿ ಇಲ್ಲ, ಆ ಲಂಡನ್ ಹುಡುಗರು ವಾದ್ಯವನ್ನು ಲೋಕಕ್ಕೆ ಮುಟ್ಟಿಸಿದ್ರಲ್ಲ" ಅಂತ ಗೆಳೆಯ ವಾದಕ್ಕಿಳಿದ. ಮುಟ್ಟಿಸಿದ್ರು, ಒಪ್ತೀನಿ. ಊದುವವನಿಗೆ ಬ್ಯಾಂಡಿನಲ್ಲೇ ಜಾಗ ಕೊಟ್ರು. 1993ರ ಆಲ್ಬಂ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯ್ತು. ಆದರೆ ಮುಟ್ಟಿದ್ದು ನಾದ ಮಾತ್ರ. ಅದರ ಜನ ಎಲ್ಲಿ?

ಅವರು ಸುಮ್ಮನೆ ಕೂತಿರಲಿಲ್ಲ. 1991ರಲ್ಲೇ ಯೋಥು ಯಿಂಡಿ ಅನ್ನೋ ಆರ್ನೆಮ್ ಲ್ಯಾಂಡ್‌ನದೇ ಬ್ಯಾಂಡ್ ಯಿಡಾಕಿಯನ್ನು ರಾಕ್ ಜೊತೆ ಕೂಡಿಸಿ 'ಟ್ರೀಟಿ' ಹಾಡಿತ್ತು. 1988ರಲ್ಲಿ ಪ್ರಧಾನಿ ಬಾಬ್ ಹಾಕ್ ಮೂಲನಿವಾಸಿಗಳ ಜೊತೆ ಒಪ್ಪಂದ ಮಾಡ್ಕೋತೀವಿ ಅಂತ ಮಾತು ಕೊಟ್ಟು, ಈಡೇರಿಸದೇ ಹೋದದ್ದಕ್ಕೆ ಎದ್ದ ಹಾಡು ಅದು. ಆಮೇಲೆ ಡಾನ್ಸ್ ಫ್ಲೋರಿಗೆ ಅಂತ ಬೇರೆಯವರು ಮಾಡಿದ ರೀಮಿಕ್ಸ್‌ನಲ್ಲಿ ಆ ಮಾತನ್ನು ನೆನಪಿಸೋ ಇಂಗ್ಲಿಷ್ ಸಾಲುಗಳನ್ನೇ ಬಹುಪಾಲು ಕಿತ್ತುಹಾಕಿದ್ರು. ಕುಣಿಯೋಕೆ ನಾದ ಬೇಕಿತ್ತು, ಕೊಟ್ಟ ಮಾತಿನ ನೆನಪು ಬೇಡವಾಗಿತ್ತು. ಇದೇ ನನಗೆ ಉರಿಯೋದು.

ಒಂದು ಮಾತು ಹೇಳಿಬಿಡ್ತೀನಿ. ಹಾಸ್ಟೆಲಿನಲ್ಲಿ ಜಮಿರೊಕ್ವಾಯ್ ಕ್ಯಾಸೆಟ್ ಸವೆಯೋವರೆಗೆ ಕೇಳಿದವನು ನಾನು. ಆ ನಾದ ಯಾರದು ಅಂತ ಅಷ್ಟೂ ವರ್ಷ ಒಂದು ಸಲ ಕೂಡ ಕೇಳ್ಕೊಳ್ಳಲಿಲ್ಲ. ಹುಡುಗನ ಮೇಲೆ ರೇಗಿದ್ದು ಅದಕ್ಕೇ ಇರಬೇಕು.

ಆಮೇಲೆ ಅವನನ್ನು ಕೂರಿಸಿ 'ಟ್ರೀಟಿ' ಹಾಕಿದೆ, ರೀಮಿಕ್ಸ್ ಅಲ್ಲ, ಮೂಲ ಹಾಡು. ಮುಗಿದ ಮೇಲೆ "ಸರ್, ಅದರ ಹೆಸರು ಇನ್ನೊಂದ್ಸಲ ಹೇಳಿ" ಅಂದ.

ಯಿಡಾಕಿ.