ತೂಕ ಇಳಿಸುವ ಮಾತ್ರೆ ವರ್ಷಗಟ್ಟಲೆ ನುಂಗಬಹುದಾ?

ಪರ

ಬಿಪಿ ಮಾತ್ರೆಯನ್ನು ಇಪ್ಪತ್ತು ವರ್ಷ ನುಂಗುವವರನ್ನು ಯಾರೂ ಏನೂ ಕೇಳುವುದಿಲ್ಲ. ತೂಕಕ್ಕೆ ಮಾತ್ರೆ ಅಂದರೆ ಮಾತ್ರ ಮನೆಗೆ ಬಂದವರೆಲ್ಲ "ಅನ್ನ ಬಿಡು, ವಾಕಿಂಗ್ ಮಾಡು" ಅಂತ ಬುದ್ಧಿ ಹೇಳುತ್ತಾರೆ. ಮಾಡಿದ್ದೇನೆ. ಆದರೂ 96 ಕೆಜಿ ಇದ್ದೆ, ಶುಗರ್ ಗಡಿಯಲ್ಲಿತ್ತು, ಮೆಟ್ಟಿಲು ಹತ್ತಿದರೆ ಮಂಡಿ ಹಿಡಿಯುತ್ತಿತ್ತು.

ಎರಡು ವರ್ಷದಿಂದ ಡಾಕ್ಟರು ಬರೆದುಕೊಟ್ಟ ಆರ್ಲಿಸ್ಟಾಟ್ ತೆಗೆದುಕೊಳ್ಳುತ್ತಿದ್ದೇನೆ. ಇದು ಕೆಲಸ ಮಾಡುವುದು ಕರುಳಿನಲ್ಲಿ. ತಿಂದ ಜಿಡ್ಡಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಜೀರ್ಣವಾಗದ ಹಾಗೆ ತಡೆಯುತ್ತದೆ, ಅದು ಹಾಗೇ ಹೊರಗೆ ಹೋಗುತ್ತದೆ. ಮದುವೆ ಮನೆಯಲ್ಲಿ ತುಪ್ಪ ಸುರಿದುಕೊಂಡು ಎರಡು ಹೋಳಿಗೆ ತಿಂದರೆ ಮಾರನೇ ದಿನ ಕಮೋಡಿನಲ್ಲಿ ಕಿತ್ತಳೆ ಬಣ್ಣದ ಎಣ್ಣೆ ತೇಲುತ್ತದೆ. ಒಂದು ಸಲ ಬಟ್ಟೆಗೂ ಆಯಿತು. ಆಮೇಲೆ ಕರಿದ ತಿಂಡಿ ತಾನಾಗೇ ಕಡಿಮೆಯಾಯಿತು. ಎ, ಡಿ, ಇ, ಕೆ ವಿಟಮಿನ್‌ಗಳೂ ಜಿಡ್ಡಿನ ಜೊತೆ ಹೋಗಿಬಿಡುತ್ತವೆ, ಅದಕ್ಕೆ ರಾತ್ರಿ ಮಲಗುವಾಗ ಬೇರೆ ವಿಟಮಿನ್ ಮಾತ್ರೆ ಇದೆ.

ತುಂಬಾ ದಿನ ತಿಂದರೆ ಏನಾಗುತ್ತದೆ ಅಂತ ಪರೀಕ್ಷೆ ಮಾಡಿದವರೂ ಇದ್ದಾರೆ. ಸ್ವೀಡನ್‌ನಲ್ಲಿ 3,305 ಜನರನ್ನು 4 ವರ್ಷ ನೋಡಿ 2004ರಲ್ಲಿ ಫಲಿತಾಂಶ ಕೊಟ್ಟರು. ಪಥ್ಯ, ವ್ಯಾಯಾಮ ಎರಡೂ ಗುಂಪಿಗೆ ಒಂದೇ. ಆರ್ಲಿಸ್ಟಾಟ್ ತಿಂದವರಲ್ಲಿ ನೂರಕ್ಕೆ ಸುಮಾರು 6 ಜನಕ್ಕೆ ಸಕ್ಕರೆ ಕಾಯಿಲೆ ಬಂತು, ಔಷಧ ಇಲ್ಲದ ಮಾತ್ರೆ ತಿಂದವರಲ್ಲಿ 9 ಜನಕ್ಕೆ. ತೂಕ ಇಳಿಸಲು ಕೊಡುವ ಇನ್ನೊಂದು ಔಷಧ ಸೆಮಾಗ್ಲುಟೈಡ್ ಇಂಜೆಕ್ಷನ್ನನ್ನು ತೂಕ ಜಾಸ್ತಿ ಇರುವ 17,604 ಹೃದ್ರೋಗಿಗಳಲ್ಲಿ ನೋಡಿದಾಗ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು ಒಟ್ಟಿಗೆ ನೂರಕ್ಕೆ 20ರಷ್ಟು ಕಡಿಮೆಯಾದವು. ಅದು 2023ರ ಮಾತು.

ಮಾತ್ರೆಯಿಂದ ಏನಾಗುತ್ತದೋ ಅಂತ ಹೆದರುವವರು ಬೊಜ್ಜು ಅಷ್ಟೇ ವರ್ಷದಲ್ಲಿ ಲಿವರ್‌ಗೆ, ಮಂಡಿಗೆ, ಹೃದಯಕ್ಕೆ ಏನು ಮಾಡುತ್ತದೆ ಅನ್ನುವುದನ್ನೂ ನೋಡಬೇಕಲ್ವಾ?

ವಿರೋಧ

ನಮ್ಮದು ಸಿದ್ದಾಪುರದ ಕಡೆ. ಮಳೆಗಾಲದಲ್ಲಿ ಅಜ್ಜಿ ಉಪ್ಪಾಗೆ ಸಿಪ್ಪೆಯನ್ನು ಒಲೆಯ ಮೇಲೆ ಹೊಗೆಗೆ ಒಣಗಿಸುತ್ತಿದ್ದರು. ಹಳದಿ ಸಿಪ್ಪೆ ಕರ್ರಗಾಗಿ ಸುರುಟಿಕೊಳ್ಳುತ್ತಿತ್ತು, ಕೈಗೆ ಎರಡು ದಿನ ಹುಳಿ ಹುಳಿ ಹೊಗೆ ವಾಸನೆ. ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಅದೇ ಹಣ್ಣು ಈಗ ಗಾರ್ಸೀನಿಯಾ ಕಾಂಬೋಜಿಯಾ ಅನ್ನುವ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ಡಬ್ಬಿ ಸೇರಿದೆ. "ನಮ್ಮ ಕಾಡಿಂದೇ ಅಲ್ವಾ ಅಕ್ಕ" ಅಂತ ತಂಗಿ ತರಿಸಿಕೊಂಡಳು. ನಾಲ್ಕನೇ ತಿಂಗಳಿಗೆ ವಾಕರಿಕೆ, ಮೂತ್ರ ಚಹಾ ಬಣ್ಣ. ಲಿವರ್ ಟೆಸ್ಟ್ ಏರಿಬಿಟ್ಟಿತ್ತು. ಡಬ್ಬಿ ನಿಲ್ಲಿಸಿದ ಮೇಲೂ ಅದು ಇಳಿಯಲು ಎರಡು ತಿಂಗಳು ಹಿಡಿಯಿತು. ಸಾರಿಗೆ ಹಾಕುವ ಎರಡು ಸಿಪ್ಪೆ ಬೇರೆ, ಅದರ ಹುಳಿಯನ್ನು ಹಿಂಡಿ ಗಟ್ಟಿ ಮಾಡಿ ದಿನಾ ಮೂರು ಹೊತ್ತು ನುಂಗುವುದೇ ಬೇರೆ. ಈ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಇಷ್ಟಾಗಿ ತೂಕವಾದರೂ ಇಳಿಯುತ್ತದಾ ಅಂದರೆ, 1998ರಲ್ಲಿ 135 ಜನರ ಮೇಲೆ 12 ವಾರ ನೋಡಿದಾಗ ಔಷಧ ಇಲ್ಲದ ಮಾತ್ರೆ ತಿಂದವರಿಗಿಂತ ಜಾಸ್ತಿ ಇಳಿಯಲಿಲ್ಲ.

ಡಾಕ್ಟರು ಬರೆದುಕೊಟ್ಟರೆ ಸರಿ ಅನ್ನುತ್ತೀರಿ. ಫೆನ್‌ಫ್ಲುರಮಿನ್ ಅನ್ನುವ ತೂಕದ ಮಾತ್ರೆ ಕೂಡ ಡಾಕ್ಟರು ಬರೆದುಕೊಟ್ಟದ್ದೇ. ಅಮೆರಿಕದಲ್ಲಿ 1973ರಲ್ಲಿ ಒಪ್ಪಿಗೆ ಸಿಕ್ಕಿತು, ಹೃದಯದ ಕವಾಟ ಹಾಳಾಗುತ್ತಿರುವುದು ಬಯಲಿಗೆ ಬಂದು ಮಾರುಕಟ್ಟೆಯಿಂದ ತೆಗೆದದ್ದು 1997ರಲ್ಲಿ. ಮಧ್ಯೆ 24 ವರ್ಷ! 1997ರಲ್ಲೇ ಅಲ್ಲಿ ಸಿಬುಟ್ರಮಿನ್ ಅನ್ನುವ ಇನ್ನೊಂದು ತೂಕದ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತದೆ ಅಂತ ಗೊತ್ತಾಗಿ 2010ರಲ್ಲಿ ವಾಪಸ್. ನಮ್ಮಲ್ಲಿ 2011ರ ಫೆಬ್ರವರಿಯಲ್ಲಿ ನಿಷೇಧವಾಯಿತು. ಈಗಲೂ ಗಿಡಮೂಲಿಕೆ ಅಂತ ಮಾರುವ ತೂಕದ ಮಾತ್ರೆಗಳಲ್ಲಿ ಅದನ್ನು ಕದ್ದು ಬೆರೆಸಿರುವುದು ಪರೀಕ್ಷೆಯಲ್ಲಿ ಸಿಗುತ್ತಲೇ ಇದೆ, ತಿನ್ನುವವರಿಗೆ ಸುಳಿವೂ ಇರುವುದಿಲ್ಲ. ರಿಮೋನಾಬಂಟ್ ಅನ್ನುವ ಮತ್ತೊಂದು ತೂಕದ ಮಾತ್ರೆ ಯುರೋಪಿನಲ್ಲಿ ಬಂದದ್ದು 2006ರಲ್ಲಿ. ಖಿನ್ನತೆ, ಆತ್ಮಹತ್ಯೆಯ ಯೋಚನೆಗಳ ಕಾರಣಕ್ಕೆ 2008ರಲ್ಲೇ ನಿಲ್ಲಿಸಿದರು.

ಪ್ರತಿ ಸಲವೂ ಹೊಸ ಮಾತ್ರೆ ಬಂದಾಗ ಇದು ಹಳೆಯದರ ಹಾಗಲ್ಲ ಅಂದರು. ನೀವು ಹೇಳಿದ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗಿರುತ್ತದೆ. ಅಂದರೆ ನಿಲ್ಲಿಸುವ ಹಾಗಿಲ್ಲ. ಎಷ್ಟು ವರ್ಷ ತಗೋಬೇಕು ಅಂತ ನನ್ನ ಗೆಳತಿ ಅವಳ ಡಾಕ್ಟರನ್ನು ಕೇಳಿದಳು. "ನೋಡೋಣ" ಅಂದರಂತೆ.